ಮೊಲದ ಮೂಗು ಸೋರಿದರೆ ಬಾಯಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೊಲ ಸಾಕುವವರಿಗೆಂದು ಪ್ರಕಟವಾದ ಸಲಹೆಗಳನ್ನು ಓದಿದೆ. ಗೂಡು ಎಷ್ಟು ದೊಡ್ಡದಿರಬೇಕು, ಮೈ ಹೇಗೆ ಬಾಚಬೇಕು ಎಂಬುದೆಲ್ಲ ಸರಿಯಾಗಿಯೇ ಇದೆ. ಆದರೆ ಎರಡು ಮಾತು ಓದಿ ಸುಮ್ಮನಿರಲಾಗಲಿಲ್ಲ. ಮೂಗು ಸೋರಿದರೆ ಅದು ಬರೀ ಶೀತ, ಬೆಚ್ಚಗಿಟ್ಟರೆ ತಾನಾಗಿಯೇ ಹೋಗುತ್ತದೆ ಎಂದು ಬರೆದಿದ್ದೀರಿ. ಮುಂದಿನ ಹಲ್ಲು ಉದ್ದವಾದರೆ ಮನೆಯಲ್ಲೇ ಉಗುರು ಕತ್ತರಿಯಿಂದ ಕತ್ತರಿಸಿಬಿಡಬಹುದು ಎಂದೂ ಬರೆದಿದ್ದೀರಿ. ಇವೆರಡನ್ನೂ ನಂಬಿ ತಿಂಗಳುಗಟ್ಟಲೆ ಕಾದು, ಕೊನೆಗೆ ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಓಡಿ ಬರುವವರನ್ನು ನಾನು ದಿನಾ ನೋಡುತ್ತೇನೆ.

ನಾನು ವೈದ್ಯೆಯಲ್ಲ. ಸಾಕುಪ್ರಾಣಿಗಳ ಚಿಕಿತ್ಸಾಲಯವೊಂದರಲ್ಲಿ ಸಹಾಯಕಿ. ವೈದ್ಯರು ಪರೀಕ್ಷಿಸುವಾಗ ಪ್ರಾಣಿ ಒದ್ದಾಡದಂತೆ ಹಿಡಿದುಕೊಳ್ಳುವುದು, ತೂಕ ನೋಡಿ ಬರೆದಿಡುವುದು, ಅರಿವಳಿಕೆಯಿಂದ ಏಳುವವರೆಗೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ನಾಯಿ ಗುರ್ ಎಂದು, ಬೆಕ್ಕು ಪರಚಿ ತಮ್ಮ ನೋವು ತೋರಿಸಿಕೊಳ್ಳುತ್ತವೆ. ಮೊಲ ತೋರಿಸುವುದಿಲ್ಲ. ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜೀವ ಅದು. ನರಳಿದರೆ ಹಿಡಿದು ತಿನ್ನುವವರಿಗೆ ಗುರುತು ಸಿಕ್ಕಂತೆ. ಹಾಗಾಗಿ ಎಷ್ಟೇ ನೋವಿದ್ದರೂ ಸುಮ್ಮನೆ ಮುದುಡಿ ಕೂರುತ್ತದೆ. ಮನೆಯವರು "ಈಚೆಗೆ ಸ್ವಲ್ಪ ಸಾಧುವಾಗಿದೆ" ಎನ್ನುತ್ತಾರೆ.

ಮೂಗು ಸೋರುವ ಮೊಲ ಬಂದಾಗ ನಾನು ಮೊದಲು ನೋಡುವುದು ಮುಂಗಾಲುಗಳನ್ನು. ಮೊಲ ಮುಖ ಒರೆಸಿಕೊಳ್ಳುವುದು ಮುಂಗಾಲಿನ ಒಳಬದಿಯಿಂದ. ಅಲ್ಲಿಯ ತುಪ್ಪಳ ಅಂಟಂಟಾಗಿ, ಗಂಟುಕಟ್ಟಿ, ಒಣಗಿ ಗಡುಸಾಗಿದ್ದರೆ ಸಿಂಬಳ ಬಹಳ ದಿನಗಳಿಂದ ಸುರಿಯುತ್ತಿದೆ ಎಂದೇ ಅರ್ಥ, ಮೂಗಿನ ತುದಿ ಆ ಹೊತ್ತಿಗೆ ಎಷ್ಟೇ ಚೊಕ್ಕಟವಾಗಿ ಕಾಣಲಿ. "ನಿನ್ನೆಯಿಂದಷ್ಟೇ ಸೀನುತ್ತಿದೆ" ಎನ್ನುವವರಿಗೆ ಕಾಲು ತಿರುಗಿಸಿ ತೋರಿಸಿದರೆ ಅವರೇ ಬೆರಗಾಗುತ್ತಾರೆ. ಆಮೇಲೆ ಗದ್ದ ಮುಟ್ಟಿ ನೋಡುತ್ತೇನೆ, ಒದ್ದೆಯಿದೆಯೇ ಎಂದು. ಕೆಳದವಡೆಯ ಅಂಚಿನುದ್ದಕ್ಕೂ ಬೆರಳಾಡಿಸುತ್ತೇನೆ, ಉಬ್ಬುತಗ್ಗು ಸಿಗುತ್ತದೆಯೇ ಎಂದು. ಇಷ್ಟನ್ನು ಮನೆಯಲ್ಲಿ ಯಾರು ಬೇಕಾದರೂ ವಾರಕ್ಕೊಮ್ಮೆ ಮಾಡಬಹುದು.

ಮೂಗಿನ ದೂರಿಗೆ ಗದ್ದವನ್ನೂ ದವಡೆಯನ್ನೂ ಏಕೆ ಮುಟ್ಟಬೇಕು? ಮೊಲಕ್ಕೆ ಒಟ್ಟು 28 ಹಲ್ಲು. ಮುಂದೆ ನಮಗೆ ಕಾಣುವುದು ಮೇಲೆರಡು, ಕೆಳಗೆರಡು. ಮೇಲಿನ ಜೋಡಿಯ ಬೆನ್ನಿಗೆ ಗೂಟದಂಥ ಎರಡು ಪುಟ್ಟ ಹಲ್ಲು ಅಡಗಿರುತ್ತವೆ. ಉಳಿದ 22 ದವಡೆಹಲ್ಲುಗಳು ಬಾಯಿಯ ಆಳದಲ್ಲಿವೆ. ಇವೆಲ್ಲವೂ ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಮುಂದಿನವು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್. ಹುಲ್ಲನ್ನು ಅಡ್ಡಡ್ಡಲಾಗಿ ಅರೆದು ಅರೆದು ತಿಂದರೆ ಬೆಳೆದಷ್ಟು ಸವೆಯುತ್ತವೆ. ಪೆಲೆಟ್ಟು, ಕಾಳು, ಹಣ್ಣು ತಿನ್ನುವಾಗ ಮೊಲ ಹಾಗೆ ಅರೆಯುವುದಿಲ್ಲ, ಮೇಲಿಂದ ಕೆಳಗೆ ಜಜ್ಜಿ ನುಂಗುತ್ತದೆ. ಸವೆತ ಸಾಲದೆ ಹೋದಾಗ ಕೆಳದವಡೆಯ ಹಲ್ಲುಗಳ ಅಂಚು ನಾಲಗೆಯ ಕಡೆಗೂ ಮೇಲ್ದವಡೆಯದು ಕೆನ್ನೆಯ ಕಡೆಗೂ ಮುಳ್ಳಿನಂತೆ ಚೂಪಾಗಿ ಕೊಯ್ಯತೊಡಗುತ್ತವೆ. ಮೊಲ ಹುಲ್ಲಿಗೆ ಬಾಯಿ ಹಾಕಿ ಬಿಟ್ಟುಬಿಡುವುದು, ಮೆತ್ತಗಿನದನ್ನಷ್ಟೇ ಆರಿಸಿ ತಿನ್ನುವುದು, ಜೊಲ್ಲು ಸುರಿಸುವುದು ಆಗಲೇ.

ಹಲ್ಲು ಬಾಯಿಯೊಳಕ್ಕಷ್ಟೇ ಉದ್ದವಾಗುವುದಿಲ್ಲ, ಬೇರಿನ ಕಡೆಗೂ ಒತ್ತುತ್ತದೆ. ಮೇಲ್ದವಡೆಯ ಬೇರುಗಳ ನೆರೆಯಲ್ಲೇ ಇರುವುದು ಮೂಗಿನ ಗೂಡು ಮತ್ತು ಕಣ್ಣೀರಿನ ನಾಳ. ಕಣ್ಣಿನಿಂದ ಮೂಗಿಗೆ ಇಳಿಯುವ ಈ ನಾಳ ಮುಂದಿನ ಹಲ್ಲಿನ ಬೇರಿನ ಬಳಿ ತಿರುವು ತೆಗೆದುಕೊಂಡು ತೀರ ಕಿರಿದಾಗುತ್ತದೆ. ಬೇರು ಒತ್ತಿತೆಂದರೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಕಣ್ಣೀರು ಕೆನ್ನೆಯ ಮೇಲೆ ಹರಿದು ತುಪ್ಪಳ ಉದುರುತ್ತದೆ, ನಾಳದೊಳಗೆ ಕೀವಾಗುತ್ತದೆ. ಹಿಂದಿನ ಬೇರುಗಳಲ್ಲಿ ಬಾವು ಎದ್ದರೆ ಕೀವು ಮೂಗಿನೊಳಕ್ಕೇ ಇಳಿಯಬಹುದು. ಕಣ್ಣಿಗೊಂದು ಡ್ರಾಪ್ಸ್, ಮೂಗಿಗೊಂದು ಸಿರಪ್ಪು ಎಂದು ಬೇರೆ ಬೇರೆಯಾಗಿ ಔಷಧ ಹಾಕುತ್ತಾ ಹೋದರೆ, ತೊಂದರೆಯ ಬುಡವಾದ ಹಲ್ಲು ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇರುತ್ತದೆ.

ಆ ನಾಳ ತೊಳೆಯುವುದನ್ನು ಒಮ್ಮೆ ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಮೊಲವನ್ನು ಕಿವಿಯವರೆಗೆ ಟವೆಲ್ಲಿನಲ್ಲಿ ಸುತ್ತಿ ನಾನು ಎದೆಗೊತ್ತಿ ಹಿಡಿದಿರುತ್ತೇನೆ. ಕೆಳರೆಪ್ಪೆಯ ಒಳಗೆ, ಮೂಗಿನ ಬದಿಗೆ ಒಂದೇ ಒಂದು ರಂಧ್ರ. ವೈದ್ಯರು ಅದಕ್ಕೆ ಕೂದಲೆಳೆಯಷ್ಟು ತೆಳುವಾದ ಕೊಳವೆ ತೂರಿಸಿ ನಿಧಾನವಾಗಿ ಸಲೈನ್ ಒತ್ತುತ್ತಾರೆ. ನಾಳ ಚೆನ್ನಾಗಿದ್ದರೆ ನೀರು ತಿಳಿಯಾಗಿ ಅದೇ ಬದಿಯ ಮೂಗಿನಿಂದ ಇಳಿಯುತ್ತದೆ. ಕಟ್ಟಿದ್ದರೆ ಮೊದಲು ಏನೂ ಬರುವುದಿಲ್ಲ. ಆಮೇಲೆ ಬೆಳ್ಳಗಿನ ಕೀವು ಎಳೆಯೆಳೆಯಾಗಿ ಹೊರಬೀಳುತ್ತದೆ, ಮೊಲ ಸೀನುತ್ತದೆ, ನನ್ನ ಏಪ್ರನ್ನಿಗೆಲ್ಲ ಸಿಡಿಯುತ್ತದೆ. ಎಷ್ಟೋ ಸಲ ಅಲ್ಲಿಯವರೆಗೆ ಶೀತವೆಂದೇ ನಂಬಿ ಕೂತಿದ್ದ ಮನೆಯವರು ಆಗ "ಹಲ್ಲಿನ ಎಕ್ಸ್‌ರೇ ತೆಗೆಸೋಣ" ಎಂದು ತಾವೇ ಹೇಳುತ್ತಾರೆ.

ಎಕ್ಸ್‌ರೇ ಬೇಕೇ ಬೇಕು. ಮೊಲದ ಬಾಯಿ ತೆರೆಯುವುದು ಅತಿ ಕಡಿಮೆ, ನಾಲಗೆ ದಪ್ಪ, ದವಡೆಹಲ್ಲುಗಳು ಎಲ್ಲೋ ಒಳಗೆ. ಕಿವಿ ನೋಡುವ ಉಪಕರಣವನ್ನೇ ಬಾಯಿಯ ಬದಿಯಿಂದ ತೂರಿಸಿ ನೋಡಿದರೂ ಎಚ್ಚರದಲ್ಲಿರುವ ಮೊಲದಲ್ಲಿ ಎಲ್ಲವೂ ಕಾಣುವುದಿಲ್ಲ. ಪೂರ್ತಿ ನೋಡಲು ಅರಿವಳಿಕೆ ಕೊಡಲೇಬೇಕು. ಬೇರಿನ ಸ್ಥಿತಿ ಎಕ್ಸ್‌ರೇಯಲ್ಲಿ, ಇನ್ನೂ ಚೆನ್ನಾಗಿ ಸಿಟಿ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಬರೀ ಟಾರ್ಚು ಬಿಟ್ಟು "ಹಲ್ಲು ಸರಿಯಾಗಿದೆ" ಎಂದರೆ ಅದು ಮುಂದಿನ ಹಲ್ಲಿನ ಮಾತು ಅಷ್ಟೇ.

ಇನ್ನು ಉಗುರು ಕತ್ತರಿ. ದಯವಿಟ್ಟು ಬೇಡ. ಕತ್ತರಿ ಅಮುಕಿದಾಗ ಹಲ್ಲು ಉದ್ದಕ್ಕೂ ಸೀಳುತ್ತದೆ. ಒಳಗಿನ ಜೀವಂತ ಭಾಗ ತೆರೆದುಕೊಂಡು ನಂಜು ಬೇರಿಗಿಳಿಯುತ್ತದೆ. ಮೊಲದ ಕೀವು ನಮ್ಮದರಂತೆ ಹರಿದುಹೋಗುವಂಥದ್ದಲ್ಲ, ಗಟ್ಟಿಯಾಗಿ ಗೂಡುಕಟ್ಟಿ ಕೂರುತ್ತದೆ. ಚುಚ್ಚಿ ಹಿಂಡಿದರೆ ಹೋಗದು. ಬಾವಿನ ಗೂಡನ್ನೂ ಕೆಟ್ಟ ಹಲ್ಲನ್ನೂ ಒಟ್ಟಿಗೆ ತೆಗೆಯಬೇಕಾದೀತು. ಅದರ ಬದಲು ವೈದ್ಯರು ತಿರುಗುವ ಉಪಕರಣದಿಂದ ನಯವಾಗಿ ಸವೆಸುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿ, ವಯಸ್ಸಾದ ಮೊಲದಲ್ಲಿ ಮುಂದಿನ ಹಲ್ಲು ಹೊಸದಾಗಿ ಓರೆಯಾಯಿತೆಂದರೆ ಬಹಳಷ್ಟು ಸಲ ಹಿಂದಿನ ಹಲ್ಲುಗಳು ಆಗಲೇ ಕೆಟ್ಟಿರುತ್ತವೆ. ಕಾಣುವುದನ್ನು ಕತ್ತರಿಸಿ ಕೂತರೆ ಕಾಣದಿರುವುದಕ್ಕೆ ಇನ್ನಷ್ಟು ಸಮಯ ಕೊಟ್ಟಂತೆ.

ಹುಟ್ಟಿನಿಂದಲೇ ದವಡೆ ಕೂಡದ ಮೊಲಗಳ ಕಥೆ ಬೇರೆ. ಗುಜ್ಜಾರಿ ತಳಿಗಳಲ್ಲಿ, ಮೊಂಡು ಮುಖದವುಗಳಲ್ಲಿ ಇದು ಹೆಚ್ಚು. ಇಂಥವಕ್ಕೆ ಕೆಲವೇ ವಾರಗಳಿಗೊಮ್ಮೆ ಹಲ್ಲು ಸವೆಸುತ್ತಲೇ ಇರಬೇಕು. ಬೇಸತ್ತವರಿಗೆ ವೈದ್ಯರು ಮುಂದಿನ ಆರೂ ಹಲ್ಲು ಕೀಳಿಸುವ ಸಲಹೆ ಕೊಡುತ್ತಾರೆ. ಕೇಳಿದಾಗ ಗಾಬರಿಯಾಗುತ್ತದೆ, ಆದರೆ ಆ ಮೊಲಗಳು ತುಟಿಯಲ್ಲೇ ಸೊಪ್ಪು ಎಳೆದುಕೊಂಡು ಲಕ್ಷಣವಾಗಿ ತಿನ್ನುವುದನ್ನು ನೋಡಿದ್ದೇನೆ. ಸಣ್ಣಗೆ ಹೆಚ್ಚಿ ಕೊಟ್ಟರಾಯಿತು. ಮುದ್ದಾಗಿ ಕಾಣುತ್ತದೆಂದು ಅಂಥ ಮೊಲದಿಂದ ಮರಿ ಮಾಡಿಸುವವರ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಮೂಗಿನ ಎಲ್ಲ ತೊಂದರೆಯೂ ಹಲ್ಲಿನದೇ ಎಂದು ನಾನು ಹೇಳುತ್ತಿಲ್ಲ. ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಎಷ್ಟೋ ಮೊಲಗಳ ಮೂಗಿನಲ್ಲೂ ಸದ್ದಿಲ್ಲದೆ ಇರುತ್ತದೆ. ಮೊಲಕ್ಕೆ ಒತ್ತಡವಾದಾಗ, ಗಾಳಿ ಕೆಟ್ಟಾಗ ತಲೆಯೆತ್ತುತ್ತದೆ. ಮೂತ್ರ ನೆನೆದ ಹಾಸನ್ನು ಬದಲಿಸದೆ ಬಿಟ್ಟರೆ ಅಮೋನಿಯ ಮೂಗಿನ ಒಳಪದರವನ್ನು ಸುಡುತ್ತದೆ. ಗೂಡಿಗೆ ಬಗ್ಗಿದಾಗ ನಿಮ್ಮ ಕಣ್ಣು ಚುರ್ ಎಂದರೆ, ಆ ಗಾಳಿಯಲ್ಲೇ ದಿನವಿಡೀ ಇರುವ ಮೊಲಕ್ಕೆ ಹೇಗಿರಬೇಡ? ದೂಳು ಹಿಡಿದ ಹುಲ್ಲು, ಘಾಟು ವಾಸನೆಯ ಮರದ ಹೊಟ್ಟು ಕೂಡ ಆಗದು. ಹುಲ್ಲಿನ ಎಳೆಯೇ ಮೂಗಿಗೆ ಹೊಕ್ಕು ಒಂದೇ ಬದಿ ಸುರಿಯುವುದೂ ಉಂಟು. ಒಂದೇ ಬದಿ ಸುರಿದರೆ ಹಲ್ಲಿನ ಬೇರನ್ನೋ ಹೀಗೆ ಸಿಕ್ಕಿಕೊಂಡ ವಸ್ತುವನ್ನೋ ವೈದ್ಯರು ಹೆಚ್ಚು ಶಂಕಿಸುತ್ತಾರೆ. ಹಳೆಯ ಸೋಂಕಾದರೆ ಮೂಗಿನ ಆಳದಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ವಾರಗಟ್ಟಲೆ ಔಷಧ ಕೊಡಬೇಕಾಗುತ್ತದೆ. ಕೆಲವದರಲ್ಲಿ ಪೂರ್ತಿ ವಾಸಿಯಾಗದು, ಹತೋಟಿಯಲ್ಲಿಟ್ಟುಕೊಂಡು ಹೋಗುವುದಷ್ಟೇ.

ಔಷಧದ ಮಾತು ಬಂದಿತಲ್ಲ, ಇದೊಂದನ್ನು ದಪ್ಪಕ್ಷರದಲ್ಲಿ ಹಾಕಿದರೂ ತಪ್ಪಿಲ್ಲ: ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನೋ ಮಾತ್ರೆಯನ್ನೋ ಮೊಲದ ಬಾಯಿಗೆ ಹಾಕಬೇಡಿ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೂಡ ಬಾಯಿಯ ಮೂಲಕ ಬೇಡ. ಇವು ಮೊಲದ ಕರುಳಿನಲ್ಲಿ ಮೇವು ಜೀರ್ಣಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ವಿಷಕಾರಿಯಾದವು ಹೆಚ್ಚಲು ಬಿಡುತ್ತವೆ. ಭೇದಿ ಶುರುವಾಗಿ ಜೀವವೇ ಹೋಗಬಹುದು. ನಾವು ನೆಗಡಿಗೆ ಹಚ್ಚಿಕೊಳ್ಳುವ ಘಾಟಿನ ಮುಲಾಮನ್ನು ಅದರ ಮೂಗಿಗೆ ಸವರುವುದೂ ಬೇಡ.

ಮೊಲ ಉಸಿರಾಡುವುದು ಮೂಗಿನಿಂದಲೇ. ನಮ್ಮಂತೆ ಮೂಗು ಕಟ್ಟಿದರೆ ಬಾಯಿ ತೆರೆದು ಸುಧಾರಿಸಿಕೊಳ್ಳುವ ಅನುಕೂಲ ಅದಕ್ಕಿಲ್ಲ. ತಲೆ ಮೇಲಕ್ಕೆತ್ತಿ, ಮೂಗಿನ ಹೊಳ್ಳೆ ಅರಳಿಸಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಅದು ತುರ್ತು. ನಾಳೆಗೆ ಎನ್ನದೆ ಆ ಗಳಿಗೆಯಲ್ಲೇ ಹೊರಡಬೇಕು. ಅಂಥ ಮೊಲವನ್ನು ಬೆನ್ನ ಮೇಲೆ ಮಲಗಿಸಿ ಹಲ್ಲು ನೋಡಲು ಹೋಗಬೇಡಿ.

ಅರ್ಧ ದಿನ ಏನನ್ನೂ ತಿನ್ನದಿದ್ದರೂ ಅಷ್ಟೇ ಅವಸರ. ಹಲ್ಲುನೋವಿಗೆ ತಿನ್ನುವುದು ನಿಂತರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಮೊಲ ಉಳಿಯುವುದು ಕಷ್ಟ. ಹಿಕ್ಕೆ ಸಣ್ಣದಾಗುತ್ತಾ ಬಂದು ನಿಂತೇಹೋಗುವುದು ಇದರ ಗುರುತು. ದಿನವೂ ಗುಡಿಸಿ ಬಿಸಾಡುವ ಹಿಕ್ಕೆಯನ್ನು ಒಂದು ಕ್ಷಣ ನೋಡಿ ಬಿಸಾಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಬರೆದಿಟ್ಟರೆ ಇನ್ನೂ ಒಳ್ಳೆಯದು. ತುಪ್ಪಳದ ಅಡಿಯಲ್ಲಿ ಮೈ ಇಳಿದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ.

ಮುಂದಿನ ಪುರವಣಿಯಲ್ಲಿ ಆ ಎರಡು ಸಲಹೆಗಳನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಜಾಗವಿದ್ದರೆ ಇದನ್ನೂ ಸೇರಿಸಿ: ಅರಿವಳಿಕೆ ಕೊಡುತ್ತಾರೆಂದು ಮೊಲವನ್ನು ಉಪವಾಸ ಕೆಡವಿ ಕರೆತರಬೇಡಿ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ನಾಯಿ ಬೆಕ್ಕುಗಳ ನಿಯಮ ಇದಕ್ಕೆ ಸಲ್ಲದು. ಅದು ತಿಂದು ರೂಢಿಯಾದ ಹುಲ್ಲನ್ನೇ ಒಂದು ಚೀಲದಲ್ಲಿ ತನ್ನಿ. ಎಚ್ಚರವಾದ ಕೂಡಲೇ ಅದರ ಮುಂದೆ ಇಡಬೇಕಾದವಳು ನಾನು. ಹೊಸ ಜಾಗದಲ್ಲಿ ಹೊಸ ಮೇವನ್ನು ಅದು ಮೂಸಿಯೂ ನೋಡುವುದಿಲ್ಲ.

ಇಂತಿ,
ಸಾಕುಪ್ರಾಣಿ ಚಿಕಿತ್ಸಾಲಯವೊಂದರ ಸಹಾಯಕಿ