112 ಸಹಿಗಳ ಬಗ್ಗೆ ನಿನಗೊಂದು ಪತ್ರ

ಪ್ರೀತಿಯ ಮಂಡಕ್ಕಿ,

ಹೇಗಿದ್ದೀಯ? ಅಡಿಕೆ ಕೊಯ್ಲು ಎಲ್ಲಿಗೆ ಬಂತು? ಮೊನ್ನೆ ನೀನು ಕಳಿಸಿದ ಅಂಗಳದ ಫೋಟೋ ನೋಡಿ, ಅಡಿಕೆ ಬೇಯಿಸುವ ಹಂಡೆಯ ಹೊಗೆ ಇಲ್ಲಿಯವರೆಗೂ ಬಂದ ಹಾಗಾಯಿತು. ಹಿಂದುಗಡೆ ಗೋಡೆಗೆ ಆ ಛತ್ರಿ ಇನ್ನೂ ನೇತಾಡುತ್ತಿದೆ. ಅದರ ವಿಷಯ ಇಲ್ಲಿ ಬರೆಯುವುದಿಲ್ಲ, ಹೆದರಬೇಡ. ಎಲ್ಲರೂ ಓದುವ ಪತ್ರ ಇದು.

ಹೋದ ವಾರ ಫೋನಿನಲ್ಲಿ "ಏನು ಮಾರಾಯ, ಅಲ್ಲೂ ಲೀಡರ್ ಆಗಿದ್ದೀಯಂತೆ" ಅಂದೆಯಲ್ಲ, ನಾನು ಮಾತು ಬದಲಾಯಿಸಿಬಿಟ್ಟೆ. ಸಿಗ್ನಲ್ ಸರಿ ಇಲ್ಲ ಅಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯಕ್ಕೆ ಬಂದು ಒಂದೂವರೆ ವರ್ಷ ಆಯಿತು. ಇಲ್ಲಿ ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಕಾವೇರಿ ಅಂತಲೂ ಒಂದಿದೆ. ನನಗೆ ಸಿಕ್ಕಿದ್ದು ಅದಲ್ಲ, ಆದರೂ ಬಂದ ಮೊದಲ ವಾರ ಸುಮ್ನೆ ಆ ಬೋರ್ಡ್ ಮುಂದೆ ಹೋಗಿ ನಿಂತು ಬಂದಿದ್ದೆ. ನಾನು ಲೀಡರ್ ಏನಲ್ಲ. ನಮ್ಮ ಹಾಸ್ಟೆಲ್ ಕಮಿಟಿಯಲ್ಲಿ ಮೆಸ್ ಸೆಕ್ರೆಟರಿ. ಬೇಳೆ, ಎಣ್ಣೆ, ಹಾಲು, ತರಕಾರಿಯ ಲೆಕ್ಕ ನೋಡುವ ಕೆಲಸ. ಆದರೆ ಇದಕ್ಕೂ ಓಟು ಕೇಳಬೇಕು ಕಣೋ. ರೂಮ್ ರೂಮಿಗೆ ಹೋಗಿ, ಬಾಗಿಲು ತಟ್ಟಿ, ಅರ್ಧಂಬರ್ಧ ಹಿಂದಿಯಲ್ಲಿ "ನನಗೆ ಓಟು ಹಾಕಿ" ಅಂದಿದ್ದೇನೆ. ಒಬ್ಬ ಬಾಗಿಲಲ್ಲೇ ನಿಲ್ಲಿಸಿ, ರಾತ್ರಿ ತಡವಾಗಿ ಬರುವವರಿಗೆ ಊಟ ಎತ್ತಿಡುತ್ತೀಯಾ ಅಂತ ಕೇಳಿದ. ಹ್ಞೂಂ ಅಂದೆ. ಬರೆದುಕೊಡು ಅಂದ. ಬರೆದುಕೊಟ್ಟೆ.

ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆ ಅಂದರೆ ಇನ್ನೂ ದೊಡ್ಡದು. 2025ರಲ್ಲಿ ಏಪ್ರಿಲ್‌ಗೊಂದು, ನವೆಂಬರ್‌ಗೊಂದು, ಒಂದೇ ವರ್ಷದಲ್ಲಿ ಎರಡು ಸಲ ಓಟು ಹಾಕಿದೆ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಹೀಗೆ ನಾಲ್ಕು ಹುದ್ದೆ. ಅದರ ಜೊತೆ ಪ್ರತಿ ಸ್ಕೂಲಿನಿಂದ (ಇಲ್ಲಿ ಸ್ಕೂಲ್ ಅಂದರೆ ಕೆಲವು ವಿಭಾಗಗಳ ಗುಂಪು) ಕೌನ್ಸಿಲರ್‌ಗಳು. ಚುನಾವಣೆ ನಡೆಸುವವರೂ ವಿದ್ಯಾರ್ಥಿಗಳೇ. ರಾತ್ರಿ ಊಟದ ಹೊತ್ತಿಗೆ ಮೆಸ್ಸಿನ ಮೇಜಿನ ಮೇಲೆ ಕರಪತ್ರ ಬಂದು ಬೀಳುತ್ತದೆ. ರೊಟ್ಟಿ ಮುರಿಯುತ್ತಾ ಓದುತ್ತೇವೆ. ಆಮೇಲೆ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಂದು ನಿಂತು ಮಾತಾಡುತ್ತಾರೆ. ನಾವು ತಟ್ಟೆ ಬದಿಗೆ ಸರಿಸಿ ಪ್ರಶ್ನೆ ಕೇಳುತ್ತೇವೆ. ಓಟಿನ ಹಿಂದಿನ ದಿನಗಳಲ್ಲಿ ಅಧ್ಯಕ್ಷ ಹುದ್ದೆಗೆ ನಿಂತವರ ಚರ್ಚೆ. ದಫ್ಲಿ ಬಡಿತ, ಘೋಷಣೆ, ಕೂಗಾಟ. ಅಷ್ಟು ಗದ್ದಲದ ನಡುವೆಯೂ ಪ್ರಶ್ನೆ ಬಂದರೆ ಉತ್ತರ ಹೇಳಲೇಬೇಕು. ಮುದ್ರಿಸಿದ ಪೋಸ್ಟರ್ ಹಾಕುವ ಹಾಗಿಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು. ಓಟು ಈಗಲೂ ಕಾಗದದ ಚೀಟಿಯಲ್ಲೇ. ಎಣಿಕೆ ರಾತ್ರಿ ಶುರುವಾದರೆ ಬೆಳಗಾದರೂ ಮುಗಿಯುವುದಿಲ್ಲ. ಹೊರಗೆ ಚಳಿಯಲ್ಲಿ ಶಾಲು ಹೊದ್ದು ಕೂತವರ ನಡುವೆ ನಾನೂ ಕೂತಿದ್ದೆ. ನಿನ್ನ ನೆನಪು ಜಾಸ್ತಿ ಆಗಿದ್ದು ಆಗಲೇ. ಇಂಥ ಕಡೆ ನೀನು ಇರಬೇಕಿತ್ತು. ನಮ್ಮಿಬ್ಬರಲ್ಲಿ ಮಾತು ಬರುತ್ತಿದ್ದದ್ದು ನಿನಗೆ.

ನಮ್ಮ ಕಾಲೇಜಿನಲ್ಲಿ ಹೇಗಿತ್ತು, ನೆನಪಿದೆ ಅಲ್ವಾ? ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಚ್ಚಿದ್ದರು. ಕೊನೆಯ ವರ್ಷದಲ್ಲಿ ಅಂಕ ಜಾಸ್ತಿ ಇದ್ದವನು, ಅಂದರೆ ನಾನು, ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಎರಡನೆಯವಳು ಸಾಂಸ್ಕೃತಿಕ ಕಾರ್ಯದರ್ಶಿ. ಓಡೋದರಲ್ಲಿ ಮೊದಲು ಬಂದವನು ಕ್ರೀಡಾ ಕಾರ್ಯದರ್ಶಿ. ಯಾರೂ ಯಾರನ್ನೂ ಕೇಳಲಿಲ್ಲ. ಉದ್ಘಾಟನೆಯ ದಿನ ಎದೆಗೆ ರಿಬ್ಬನ್ನಿನ ಬ್ಯಾಡ್ಜ್ ಚುಚ್ಚಿದರು, ಪ್ರತಿಜ್ಞೆ ಓದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನೀನು.

ಆಗ ಅದೇ ಸಹಜ ಅನ್ನಿಸಿತ್ತು. ಕಾಲೇಜಿನಲ್ಲಿ ಬೇರೆ ಥರ ಇರಬಹುದು ಅನ್ನುವುದೇ ಗೊತ್ತಿರಲಿಲ್ಲ. ಇಲ್ಲಿ ಬಂದ ಮೇಲೆ ಹುಡುಕಿ ಓದಿದೆ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತದ್ದು 1989–90ರ ಹೊತ್ತಿಗೆ. ಹೊಡೆದಾಟ ಜಾಸ್ತಿ ಆಯಿತು ಅನ್ನುವುದು ಕಾರಣ. ಹೊಡೆದಾಟ ಸುಳ್ಳಲ್ಲ, ನಮ್ಮ ಅಪ್ಪನ ಕಾಲದವರು ಕಥೆ ಕಥೆ ಹೇಳುತ್ತಾರೆ. ಆದರೆ ಅದೇ 1989ರ ಮಾರ್ಚ್‌ನಲ್ಲಿ ಸಂವಿಧಾನಕ್ಕೆ 61ನೇ ತಿದ್ದುಪಡಿ ಜಾರಿಗೆ ಬಂದು, ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇದನ್ನು ಓದಿದಾಗ ಎದ್ದು ಹೋಗಿ ನೀರು ಕುಡಿದು ಬಂದೆ. ಹದಿನೆಂಟು ತುಂಬಿದವನು ದೇಶದ ಸರ್ಕಾರ ಆರಿಸಬಹುದು ಅಂತ ಹೇಳಿದ ಹೊತ್ತಿಗೇ, ಅವನು ತನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವ ಹಾಗಿಲ್ಲ ಅಂತಾಯಿತು. ಈಗ ಮತ್ತೆ ಚುನಾವಣೆ ತರುವ ಮಾತು ನಡೆದಿದೆಯಂತೆ. ಬರಲಿ. ಗಲಾಟೆ ಆಗುತ್ತದೆ ಅನ್ನುವವರ ಭಯ ನನಗೂ ಅರ್ಥ ಆಗುತ್ತದೆ. ಆದರೂ ಬರಲಿ.

ಇನ್ನೊಂದು ವಿಷಯವೂ ಓದಿದೆ. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳುವುದಕ್ಕೆ ಹಿಂದಿನ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ಮಾಡಿದ್ದರು. ಅದರ ಶಿಫಾರಸುಗಳನ್ನು ಜಾರಿ ಮಾಡಿ ಅಂತ 2006ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು ಅನ್ನುವುದು, ಆ ಕೈಬರಹದ ಪೋಸ್ಟರಿನ ನಿಯಮ, ಎಲ್ಲ ಅದರಲ್ಲೇ ಇರುವುದು. ಚುನಾವಣೆ ನಡೆಸುವ ವಾತಾವರಣ ಇಲ್ಲದ ಕಡೆ ಸದ್ಯಕ್ಕೆ ನಾಮನಿರ್ದೇಶನ ಮಾಡಿಕೊಳ್ಳಿ, ಆದರೆ ಬರೀ ಅಂಕ ನೋಡಿ ಮಾಡಬೇಡಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಅಂತಲೂ ಅದರಲ್ಲಿದೆ. ಬರೀ ಅಂಕ ನೋಡಿ! ನನ್ನ ಬ್ಯಾಡ್ಜ್ ನೆನಪಾಯಿತು.

ಅದೇ ವರದಿಯಲ್ಲಿರುವ ಒಂದು ನಿಯಮ ಮಾತ್ರ ನನಗೆ ಹಿಡಿಸಲಿಲ್ಲ. ಸ್ಪರ್ಧಿಸುವವನಿಗೆ ಕಡಿಮೆ ಎಂದರೂ 75 ಪರ್ಸೆಂಟ್ ಹಾಜರಾತಿ ಇರಬೇಕು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ನಿನ್ನ ಹಾಜರಾತಿ ಎಷ್ಟಿತ್ತು ಐದನೇ ಸೆಮಿಸ್ಟರ್‌ನಲ್ಲಿ? ಅರವತ್ತೆಂಟು. ಮೊದಲ ಕ್ಲಾಸು ಒಂಬತ್ತಕ್ಕೆ. ನಿಮ್ಮ ಕಡೆಯ ಬಸ್ಸು ಕಾಲೇಜು ಗೇಟಿನ ಹತ್ತಿರ ನಿಲ್ಲುತ್ತಿದ್ದದ್ದು ಒಂಬತ್ತು ಐವತ್ತಕ್ಕೆ. ಅಂದರೆ ಬಸ್ಸಿನ ತೊಂದರೆ ಹೇಳಬೇಕಾದವನು ಬಸ್ಸಿನ ಕಾರಣಕ್ಕೇ ನಿಲ್ಲುವ ಹಾಗಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆಯೇ ಮನೆ ಇದ್ದ ನನ್ನಂಥವನು ನಿಲ್ಲಬಹುದು. ಚುನಾವಣೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಅದಕ್ಕೇ.

ಬಸ್ಸಿನ ಮಾತು ಬಂತು. ಇರಲಿ, ಮೊದಲು ಹಾಲಿನ ವಿಷಯ ಹೇಳುತ್ತೇನೆ.

ಹೋದ ತಿಂಗಳು ಹಾಸ್ಟೆಲಿನ ಜಿಬಿಎಂ ಇತ್ತು. ಜನರಲ್ ಬಾಡಿ ಮೀಟಿಂಗ್, ಎಲ್ಲರೂ ಕೂರುವ ಸಭೆ. ರಾತ್ರಿ ಊಟ ಆದ ಮೇಲೆ ಮೆಸ್ಸಿನಲ್ಲೇ. ನಾನು ಎದ್ದು ನಿಂತು ತಿಂಗಳ ಲೆಕ್ಕ ಓದಿದೆ. ಉದ್ದನೆಯ ರಿಜಿಸ್ಟರು, ಅರಿಶಿನದ ಬೆರಳಿನ ಗುರುತು ಅಲ್ಲಲ್ಲಿ. ಹಿಂದಿನ ಬೆಂಚಿನಲ್ಲಿದ್ದ ಬಿಹಾರದ ಹುಡುಗನೊಬ್ಬ ಕೈ ಎತ್ತಿದ. "ಮೂರನೇ ವಾರ ಹಾಲು ಹನ್ನೆರಡು ಲೀಟರ್ ಜಾಸ್ತಿ ಬಂದಿದೆ. ಯಾಕೆ?" ಅಂದ. ಖೀರು ಮಾಡಿಸಿದ್ದೆವಲ್ಲ ಅಂದೆ. "ಖೀರು ಎರಡನೇ ವಾರ. ನಾನು ಕೇಳಿದ್ದು ಮೂರನೇ ವಾರದ್ದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ರಾತ್ರಿ ಒಂದು ಗಂಟೆಯವರೆಗೆ ಚೀಟಿಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡು ಕೂತೆ. ಹತ್ತೊಂಬತ್ತನೇ ತಾರೀಖಿನ ಹಾಲಿನ ಚೀಟಿಯನ್ನು ನಾನೇ ಎರಡು ಸಲ ಬರೆದಿದ್ದೆ. ಬೆಳಿಗ್ಗೆ ತಪ್ಪು ನನ್ನದು ಅಂತ ಬರೆದು ಮೆಸ್ಸಿನ ಬೋರ್ಡಿಗೆ ಅಂಟಿಸಿದೆ. ತಲೆಗೆ ಮೂರೂವರೆ ರೂಪಾಯಿ ಕಡಿಮೆ ಆಯಿತು. ಆ ಹುಡುಗ ತಟ್ಟೆ ಹಿಡಿದುಕೊಂಡೇ ನಿಂತು ಪೂರ್ತಿ ಓದಿದ. "ಠೀಕ್ ಹೈ" ಅಂದು ದಾಲ್ ಹಾಕಿಸಿಕೊಳ್ಳಲು ಹೋದ. ಅಷ್ಟೇ. ಸಿಟ್ಟಿಲ್ಲ, ಉಪಕಾರವೂ ಇಲ್ಲ. ಅವನು ಕೇಳಬೇಕಿತ್ತು, ಕೇಳಿದ. ನಾನು ಹೇಳಬೇಕಿತ್ತು, ಹೇಳಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ ಕಣೋ. ಹನ್ನೆರಡು ಲೀಟರ್ ಹಾಲಿಗೆ ಇಷ್ಟು ಜನರ ಮುಂದೆ ಉತ್ತರ ಕೊಟ್ಟೆ. ಕಾಲೇಜಿನಲ್ಲಿ ಒಂದು ವರ್ಷ ಕಾರ್ಯದರ್ಶಿ ಆಗಿದ್ದೆ, ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಬೇಕಾದದ್ದು ಒಂದಿತ್ತು.

ಐದನೇ ಸೆಮಿಸ್ಟರ್‌ನಲ್ಲಿ ನೀನು ಅರ್ಜಿ ಬರೆದೆ. ಮೊದಲ ಕ್ಲಾಸು ಹತ್ತಕ್ಕೆ ಇಡಿ, ಇಲ್ಲವೇ ಬಸ್ಸಿನಲ್ಲಿ ಬರುವವರಿಗೆ ಹಾಜರಾತಿಯಲ್ಲಿ ರಿಯಾಯಿತಿ ಕೊಡಿ ಅಂತ. ಲಾಂಗ್ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ, ಮೂಲೆಗೆ ಗುಂಡುಪಿನ್ನು. 112 ಸಹಿ. ಅರ್ಧಕ್ಕರ್ಧ ಸಹಿ ನೀನು ಓಡುವ ಬಸ್ಸಿನಲ್ಲೇ ಹಾಕಿಸಿದ್ದೆ. ಘಾಟಿಯ ತಿರುವಿನಲ್ಲಿ ಹಾಕಿದ ಸಹಿ ಯಾವುದು, ಬಸ್ಸು ನಿಂತಾಗ ಹಾಕಿದ್ದು ಯಾವುದು ಅಂತ ನೋಡಿದರೇ ತಿಳಿಯುತ್ತಿತ್ತು. ಒಂದು ಹುಡುಗಿಯ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಕೆಳಗಿನ ಸಾಲಿಗೆ ಹೋಗಿತ್ತು. ಮೂರನೇ ಹಾಳೆಯ ನಡುವೆ ನಿನ್ನ ಪೆನ್ನು ಖಾಲಿಯಾಗಿ ನೀಲಿ ಹೋಗಿ ಕಪ್ಪು ಶಾಯಿ ಬಂದಿತ್ತು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತ ನೀನು ಈಗ ಯೋಚಿಸುತ್ತಿರಬಹುದು. ಅರ್ಜಿಯನ್ನು ನೀನು ಆಫೀಸಿನಲ್ಲಿ ಕೊಟ್ಟಿದ್ದೆ, ನನ್ನ ಕೈಗಲ್ಲ.

ಪ್ರಿನ್ಸಿಪಾಲರು ನನ್ನನ್ನು ಚೇಂಬರಿಗೆ ಕರೆಸಿದರು. ಬೈಯಲಿಲ್ಲ, ಹೆದರಿಸಲಿಲ್ಲ. ಕೂರು ಅಂದರು. ಕಾಫಿ ತರಿಸಿದರು. ವೇಳಾಪಟ್ಟಿ ಬದಲಾಯಿಸುವುದು ಎಷ್ಟು ಕಷ್ಟ ಅಂತ ವಿವರಿಸಿದರು. ಕೊನೆಯ ಹಾಳೆಯ ಕೆಳಗೆ, "ಈ ವಿಷಯ ಚರ್ಚಿಸಲಾಗಿದೆ, ವಿದ್ಯಾರ್ಥಿಗಳು ಒಪ್ಪಿದ್ದಾರೆ" ಅಂತ ಬರೆದು ಸಹಿ ಮಾಡು ಅಂದರು. ಮಾಡಿದೆ. ಕೆಳಗೆ "ವಿದ್ಯಾರ್ಥಿಗಳ ಪರವಾಗಿ" ಅಂತಲೂ ಬರೆದೆ. ಅದನ್ನು ಅವರು ಹೇಳಿರಲಿಲ್ಲ. ನಾನಾಗಿಯೇ ಬರೆದೆ.

ಹೆದರಿಕೆಯಿಂದ ಮಾಡಿದ್ದರೆ ಇವತ್ತು ಹೇಳುವುದು ಸುಲಭ ಆಗುತ್ತಿತ್ತು. ಹೆದರಿಕೆ ಇರಲಿಲ್ಲ. ಖುಷಿ ಇತ್ತು. ಪ್ರಿನ್ಸಿಪಾಲರ ಎದುರು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವ ಖುಷಿ. ನನ್ನನ್ನು ಅಲ್ಲಿ ಕೂರಿಸಿದ್ದು ಅವರು, ನೀವಲ್ಲ. ಹಾಗಾಗಿ ನಾನು ಅವರ ಕಡೆಯವನೇ ಅನ್ನಿಸಿತ್ತು. ನೀನು ಕ್ಯಾಂಟೀನಿನಲ್ಲಿ, "ಅರ್ಜಿ ಆಫೀಸಲ್ಲೆಲ್ಲೋ ಕಳೆದುಹೋಗಿರಬೇಕು ಬಿಡು" ಅಂದೆ. ನಾನು "ಇರಬಹುದು" ಅಂದೆ. ಅರ್ಜಿ ಕಳೆದುಹೋಗಿರಲಿಲ್ಲ.

ಹಾಜರಾತಿ ಸಾಲದ್ದಕ್ಕೆ ನೀನು ದಂಡ ಕಟ್ಟಿ ಪರೀಕ್ಷೆ ಬರೆದೆ. ಹಾಲ್ ಟಿಕೆಟ್ ಸಿಗದ ಮೂವರಲ್ಲಿ ಇಬ್ಬರು ಮುಂದಿನ ವರ್ಷ ಬಂದು ಬರೆದರು. ಒಬ್ಬಳು ಬರಲಿಲ್ಲ. ಗೆರೆ ದಾಟಿದ ಆ ಸಹಿ ಅವಳದು.

ಇದನ್ನು ನಿನಗೊಬ್ಬನಿಗೇ ಫೋನಿನಲ್ಲಿ ಹೇಳಬಹುದಿತ್ತು. ಎರಡು ಮಾತು ಬೈದು ನೀನು ಕ್ಷಮಿಸಿಯೂ ಬಿಡುತ್ತಿದ್ದೆ, ನನಗೆ ಗೊತ್ತು. ಆದರೆ ಸಹಿ ಮಾಡಿದವರು 112 ಜನ. ನಾನು ಯಾರ ಪರವಾಗಿ ಅಂತ ಬರೆದೆನೋ ಅವರಿಗೆಲ್ಲ ಗೊತ್ತಾಗಬೇಕು. ನಮ್ಮ ಕಡೆಯವರು ಬಹಳ ಜನ ಇದನ್ನು ಓದುತ್ತಾರೆ. ಬಸ್ಸಿನಲ್ಲಿ ಸಹಿ ಹಾಕಿದವರೂ ಓದಲಿ. ಏನು ಕೇಳುವುದಿದ್ದರೂ ಕೇಳಲಿ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಹಾಲಿನ ಲೆಕ್ಕ ಹೇಳಿ ಮುಗಿಸೋಣ ಅಂತಿದ್ದೆ. ಸಾಕು, ಬೇರೆ ಮಾತಾಡೋಣ.

ಇಲ್ಲಿ ಚಳಿ ಅಂದರೆ ಚಳಿ. ಬೆಳಿಗ್ಗೆ ಬಕೆಟ್ಟಿನ ನೀರಿಗೆ ಕೈ ಅದ್ದಿದರೆ ಬೆರಳು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನಿಮ್ಮ ಬಚ್ಚಲೊಲೆ ದಿನಾ ನೆನಪಾಗುತ್ತದೆ. ಹೋದ ಭಾನುವಾರ ಮೆಸ್ಸಿನಲ್ಲಿ ಚಿತ್ರಾನ್ನ ಮಾಡಿಸಿದೆ. ಅಡುಗೆಯವರಿಗೆ ಒಗ್ಗರಣೆಗೆ ಕಡ್ಲೆಬೇಳೆ ಯಾಕೆ ಅಂತ ಅರ್ಥ ಮಾಡಿಸುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಆಮೇಲೆ ನೋಡು, ಪಾತ್ರೆ ತಳ ಕಂಡಿತು. ಹಾಲಿನ ಹುಡುಗ ಮೂರು ಸಲ ಹಾಕಿಸಿಕೊಂಡ. ಮುಂದಿನ ಜಿಬಿಎಂನಲ್ಲಿ ನಿಂಬೆಹಣ್ಣಿನ ಲೆಕ್ಕ ಕೇಳುತ್ತಾನೆ, ಬರೆದಿಟ್ಟುಕೊಂಡಿದ್ದೇನೆ.

ಸಂಕ್ರಾಂತಿಗೆ ಊರಿಗೆ ಬರುತ್ತೇನೆ. ಮನೆಗೆ ಹೋಗುವ ಮೊದಲು ನಿಮ್ಮಲ್ಲಿಗೇ ಬಂದು ಒಂದು ರಾತ್ರಿ ಇರುತ್ತೇನೆ, ನೀನು ಬಾ ಅಂದರೆ. ಮಾರನೇ ದಿನ ಪೇಟೆಗೆ ನಿಮ್ಮ ಬೆಳಗಿನ ಬಸ್ಸಿನಲ್ಲೇ ಹೋಗೋಣ. ಮೂರು ವರ್ಷ ನಿನ್ನ ಜೊತೆ ಓದಿದೆ, ಆ ಬಸ್ಸು ಒಂದು ಸಲವೂ ಹತ್ತಲಿಲ್ಲ. ಕಿಟಕಿಯಿಂದ ಕರ್ಚೀಫ್ ಹಾಕಿ ನನಗೂ ಒಂದು ಸೀಟು ಹಿಡಿ.

ಅಮ್ಮನಿಗೆ ನಮಸ್ಕಾರ ಹೇಳು. ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಗಿ ತಿಂಗಳಾಯಿತು ಅಂತಲೂ ಹೇಳು.

ನಿನ್ನವನೇ,
ಹಳೇ ಬೆಂಚಿನ ಎಡಗಡೆಯವನು