ಒಂದು ವರ್ಷದ ಹರಕೆ, ಅದನ್ನು ತೀರಿಸಲು ನೆರವಾದವರಿಗೆ ವಂದನೆ

ನಮ್ಮನೆಯವರ ಕಾಯಿಲೆಯಲ್ಲಿ ಜೊತೆ ನಿಂತವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿಯಾಗಿದೆ. ಆದರೂ ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಬೈಬಲಿನ 116ನೇ ಕೀರ್ತನೆ ಹಾಡಿದವನು ಸಾವಿನ ಬಾಯಿಂದ ಪಾರಾಗಿ ಬಂದವನು. ದೇವರಿಗೆ ಹೊತ್ತ ಹರಕೆಯನ್ನು ಆತನ ಜನರೆಲ್ಲರ ಮುಂದೆ ಸಲ್ಲಿಸುತ್ತೇನೆ ಎಂದು ಆ ಒಂದೇ ಕೀರ್ತನೆಯಲ್ಲಿ ಎರಡು ಸಲ ಹೇಳುತ್ತಾನೆ. ನನ್ನ ಹರಕೆಯ ವರ್ಷ ಮೊನ್ನೆ ತುಂಬಿತು. ಹೊತ್ತವಳು ನಾನೊಬ್ಬಳೇ, ತೀರಿಸಿದವರು ಬಹಳ ಜನ. ಅದು ಎಲ್ಲರಿಗೂ ಗೊತ್ತಾಗಲಿ.

ಇವರ ಪ್ಯಾಂಕ್ರಿಯಾಸ್ ಊದಿಕೊಂಡು, ಸೋಂಕು ಏರಿ, ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ್ದ ಹೊತ್ತು. ಆಗ ನನ್ನ ಪ್ರಾರ್ಥನೆಯೆಂದರೆ ಬರೀ ಮಾತು ಕೊಡುವುದು. ಕೆಲಸ ಬಿಡುತ್ತೇನೆ, ಮನೆ ಮಾರಿ ಕೊಡುತ್ತೇನೆ, ಮಗನನ್ನು ಸೇವೆಗೆ ಬಿಡುತ್ತೇನೆ. ಯಾವುದಕ್ಕೂ ಇನ್ನೂ ಆಮೆನ್ ಹೇಳಿರಲಿಲ್ಲ, ಅಷ್ಟೇ. ಪ್ರಾರ್ಥನಾ ಗುಂಪಿನ ಹಿರಿಯ ಆಂಟಿ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

“ಮಗನ್ನ ಕೊಡ್ತೀನಿ ಅಂತೀಯಲ್ಲ, ಅವನನ್ನ ಕೇಳಿದೀಯಾ?”

“ಹನ್ನಳು ಹರಕೆ ಹೊತ್ತು ಮಗನನ್ನು ದೇವರ ಸೇವೆಗೆ ಕೊಟ್ಟಳಲ್ಲ ಆಂಟಿ.”

“ಕೊಟ್ಟಳು. ಯೆಪ್ತಾಹನೂ ಹರಕೆ ಹೊತ್ತ. ಅವನ ಮಾತಿಗೆ ಬೆಲೆ ತೆತ್ತದ್ದು ಯಾರು ಹೇಳು?”

ತೆತ್ತದ್ದು ಅವನ ಮಗಳು. ಯುದ್ಧ ಗೆದ್ದು ಬಂದರೆ ಮನೆ ಬಾಗಿಲಿಂದ ಮೊದಲು ಎದುರು ಬಂದದ್ದನ್ನು ದೇವರಿಗೆ ಬಲಿಯಾಗಿ ಅರ್ಪಿಸುತ್ತೇನೆ ಎಂದಿದ್ದ. ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಬಂದವಳು ಒಬ್ಬಳೇ ಮಗಳು. ನ್ಯಾಯಸ್ಥಾಪಕರು ಪುಸ್ತಕದ ಆ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ಓದಿದ್ದೆ, ಆದರೆ ತಂದೆತಾಯಿಗಳಿಗೆ ಬರೆದ ಎಚ್ಚರಿಕೆ ಅಂತ ಓದಿರಲಿಲ್ಲ. ಆಂಟಿ, ನನ್ನ ಬಾಯಿ ಕಟ್ಟಿದ್ದಕ್ಕೆ ನಿಮಗೆ ಮೊದಲ ವಂದನೆ. ನನ್ನ ಮಗ ಮುಂದೆ ಏನಾಗಬೇಕೆಂದುಕೊಂಡರೂ ನಿಮಗೆ ಋಣಿ, ಅವನಿಗೆ ಈ ಕತೆ ಇನ್ನೂ ಗೊತ್ತಿಲ್ಲ.

ಆಫೀಸಿನ ಕೆಥೋಲಿಕ ಗೆಳತಿ ಇದನ್ನೇ ಇನ್ನೊಂದು ಕಡೆಯಿಂದ ಹೇಳಿದಳು. ಅವರ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಹರಕೆಗೆ ಪ್ರತ್ಯೇಕ ನಿಯಮಗಳೇ ಇವೆ. ಯೋಚಿಸಿ, ಸ್ವಂತ ಮನಸ್ಸಿನಿಂದ, ಸಾಧ್ಯವಿರುವ ಒಳ್ಳೆಯದೊಂದನ್ನು ಮಾಡುತ್ತೇನೆಂದು ದೇವರಿಗೆ ಕೊಡುವ ಮಾತು ಹರಕೆ. ಅದು ಕಟ್ಟಿಹಾಕುವುದು ಹೊತ್ತವರನ್ನು ಮಾತ್ರ. ನಾವು ಪ್ರಾಟೆಸ್ಟೆಂಟರು ಇದನ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿಲ್ಲ. ನಮ್ಮ ಪಾಸ್ಟರ್ ನಕ್ಕು, ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರನ ಕತೆ ಶುರುವಾದದ್ದೇ ಒಂದು ಹರಕೆಯಿಂದ ತಾನೇ ಎಂದರು. 1505ರಲ್ಲಿ ಸಿಡಿಲಿಗೆ ಹೆದರಿ, ಸಂತ ಅನ್ನಮ್ಮನನ್ನು ಕೂಗಿ, ಸನ್ಯಾಸಿಯಾಗುತ್ತೇನೆ ಎಂದವನು ಅದೇ ತಿಂಗಳು ಮಠ ಸೇರಿದ. ಅದೇ ಲೂಥರ್ 1521ರಲ್ಲಿ ಮಠದ ವ್ರತಗಳನ್ನು ಪ್ರಶ್ನಿಸಿ ಬರೆದ, 1525ರಲ್ಲಿ ಮದುವೆಯೂ ಆದ. ಭಯದಲ್ಲಿ ಆಡಿದ ಮಾತನ್ನು ಏನು ಮಾಡಬೇಕು ಎಂಬ ತಕರಾರು ನನ್ನಿಂದ ಶುರುವಾದದ್ದಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಕೊನೆಗೆ ಹೊತ್ತದ್ದು ಸಣ್ಣ ಹರಕೆ. ಒಂದು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಐಸಿಯು ಹೊರಗೆ ಕಾಯುವವರ ಜೊತೆ ಕೂರುತ್ತೇನೆ. ಔಷಧಿ ಚೀಟಿ ಹಿಡಿದು ಓಡುವವರ ಬ್ಯಾಗು ನೋಡಿಕೊಳ್ಳುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ, ಕೇಳಿದರೆ ಪ್ರಾರ್ಥಿಸುತ್ತೇನೆ. ಆಂಟಿ ಒಂದೇ ಷರತ್ತು ಹಾಕಿದರು: ಇವರ ಸ್ಥಿತಿ ಏನೆಂದು ಡಾಕ್ಟರ್ ಹೇಳುವ ಮುಂಚೆಯೇ ಆಮೆನ್ ಹೇಳು, ‘ಉಳಿಸಿದರೆ’ ಎನ್ನಬೇಡ. ಬೈಬಲಿನ ಯಾಕೋಬ ಬೇತೇಲ್ ಎಂಬಲ್ಲಿ ‘ಕಾಪಾಡಿದರೆ’ ಎಂದೇ ಹರಕೆ ಹೊತ್ತಿದ್ದನಲ್ಲ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ, ಹೇಳಿದೆ.

ಅದರ ಬೆಲೆ ಗೊತ್ತಾದದ್ದು ಆಮೇಲೆ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಕ್ಕ ಕಾಯುತ್ತಿದ್ದರು. ನನಗಿಂತ ಚೆನ್ನಾಗಿ ಪ್ರಾರ್ಥಿಸುತ್ತಿದ್ದರು, ಉಪವಾಸವಿದ್ದರು, ಅವರೂ ಹರಕೆ ಹೊತ್ತಿದ್ದರು. ಅವರ ಯಜಮಾನರು ಹೋದರು. ನಮ್ಮನೆಯವರು ಉಳಿದರು. ಸಭೆಯಲ್ಲಿ ಸಾಕ್ಷಿ (ದೇವರು ಮಾಡಿದ ಉಪಕಾರ) ಹೇಳಿ ಎಂದಾಗ ನನ್ನ ನಾಲಿಗೆ ಏಳದಿದ್ದದ್ದು ಇದಕ್ಕೇ. ಹರಕೆ ಹೊತ್ತೆ, ದೇವರು ಕೊಟ್ಟ ಎಂದು ಹೇಳಿದರೆ ಆ ಅಕ್ಕನ ಹರಕೆ ಏನಾಯಿತು? ದೇವರು ಹೆಚ್ಚು ಕೂಗಿದವರಿಗೆ ಮಾಲು ಬಿಟ್ಟುಕೊಡುವ ಹರಾಜುಗಾರನಲ್ಲ. ಇವರು ಬದುಕಿದ್ದು ಕೃಪೆ, ನನ್ನ ಶನಿವಾರಗಳಿಗೆ ಸಿಕ್ಕ ಕೂಲಿ ಅಲ್ಲ. ಹೀಗೆ ಬರೆಯಲಾ ಎಂದು ಆ ಅಕ್ಕನನ್ನೇ ಕೇಳಿದೆ. “ಬರಿ, ಅದನ್ನ ಯಾರಾದರೂ ಬರೆಯಬೇಕು” ಎಂದರು. ಅವರು ತಮ್ಮ ಹರಕೆಯನ್ನು ತೀರಿಸಿದರು ಎಂಬುದನ್ನೂ ಬರೆಯಲು ಒಪ್ಪಿದ್ದಾರೆ. ಏನೆಂದು ಬರೆಯಬೇಡ ಎಂದರು, ಬರೆಯುವುದಿಲ್ಲ. ಈ ವರ್ಷ ನಾನು ಕಂಡ ದೊಡ್ಡ ಸಾಕ್ಷಿ ಅದು.

ಕಷ್ಟದ ದಿನಗಳಲ್ಲಿ ಹರಕೆ ಸಲೀಸು. ಇವರು ಮನೆಗೆ ಬಂದು, ಟೀವಿ ರಿಮೋಟಿಗೆ ಮತ್ತೆ ಜಗಳವಾಡುವಷ್ಟು ಗಟ್ಟಿಯಾದ ಮೇಲೆ ಶನಿವಾರಗಳು ಭಾರವಾದವು. ಭಯ ಹೋದಮೇಲೆ ನೆನಪೊಂದರ ಮೇಲೆಯೇ ನಡೆಯಬೇಕು, ಅದಕ್ಕೆ ಅಷ್ಟು ಕಸುವಿರುವುದಿಲ್ಲ. ಆ ತಿಂಗಳುಗಳಲ್ಲಿ ನನ್ನನ್ನು ನಡೆಸಿದ್ದು ಭಕ್ತಿ ಎಂದರೆ ಉತ್ಪ್ರೇಕ್ಷೆ, ನಡೆಸಿದ್ದು ಶನಿವಾರ ಬೆಳಿಗ್ಗೆ ಫೋನ್ ಮಾಡಿ “ಎಷ್ಟು ಗಂಟೆಗೆ ಹೊರಡ್ತೀಯ?” ಎಂದು ಕೇಳುತ್ತಿದ್ದ ನಾದಿನಿ. ಹೋಗ್ತೀಯಾ ಎಂದು ಒಮ್ಮೆಯೂ ಕೇಳಲಿಲ್ಲ, ಜಾಣೆ. ಮಗನಿಗೆ ಜ್ವರ ಬಂದ ವಾರ ನನ್ನ ಬದಲು ಅವಳೇ ಹೋದಳು. ಬದಲಿಗೆ ಕಳಿಸಿದರೆ ಹರಕೆ ಮುರಿದಂತೆಯೇ ಎಂದು ಪಾಸ್ಟರನ್ನು ಕೇಳಿದೆ. ಅವರು ಯಾಜಕಕಾಂಡದ 27ನೇ ಅಧ್ಯಾಯ ತೆರೆದರು. ಹರಕೆಗೆ ಇಷ್ಟು ಬೆಳ್ಳಿ ಎಂದು ನಿಗದಿ ಮಾಡಿದ ಕಾನೂನೇ, ಕೊಡಲಾಗದ ಬಡವನಿಗೆ ಅವನ ಶಕ್ತಿ ನೋಡಿ ಯಾಜಕನು ಗೊತ್ತುಮಾಡಲಿ ಎನ್ನುತ್ತದೆ. “ಈ ವಾರ ನಿಮ್ಮ ಶಕ್ತಿ ಇಷ್ಟು” ಎಂದು ಮನೆಗೆ ಕಳಿಸಿದರು.

ಇವರಿಗೆ ಹರಕೆಯ ವಿಷಯ ತಿಳಿದದ್ದು ವಾರ್ಡಿಗೆ ಬಂದ ಮೇಲೆ. ಮಲಗಿದಲ್ಲೇ ಬೈಬಲಿನ ಅರಣ್ಯಕಾಂಡದ 30ನೇ ಅಧ್ಯಾಯ ಹುಡುಕಿ, ಹೆಂಡತಿಯ ಹರಕೆಯನ್ನು ಗಂಡ ಕೇಳಿದ ದಿನವೇ ರದ್ದು ಮಾಡಬಹುದಂತೆ ಎಂದು ಗಂಭೀರವಾಗಿ ಓದಿ ಹೇಳಿದರು. (ಆ ಕಾನೂನಿನ ಬಗ್ಗೆ ನನ್ನ ಅಭಿಪ್ರಾಯವನ್ನು ರೋಗಿಗೆ ಹೇಳುವಂತಿರಲಿಲ್ಲ.) ಅವನು ಸುಮ್ಮನಿದ್ದರೆ ಹರಕೆ ನಿಂತಹಾಗೆ ಎಂದೂ ಅಲ್ಲೇ ಇದೆ. ಇವರು ಸುಮ್ಮನಾದರು. ಆಮೇಲೆ ಎಷ್ಟೋ ಶನಿವಾರ ಬಾಗಿಲವರೆಗೆ ಬಿಟ್ಟು, ಕೆಳಗೆ ಗಾಡಿಯಲ್ಲಿ ಕಾದರು. ಆ ಕಾರಿಡಾರಿಗೆ ಕಾಲಿಡಲು ಇವರಿಗೆ ಇನ್ನೂ ಆಗುವುದಿಲ್ಲ, ಆದರೂ ಬರುತ್ತಿದ್ದರು.

ನೋವಿನ ನಡುವೆಯೂ ಹೆಸರು ಹಿಡಿದು ಕರೆದ ನರ್ಸುಗಳಿಗೆ, ವಿಸಿಟಿಂಗ್ ಅವರ್ ಮುಗಿದ ಮೇಲೂ ನನಗೊಂದು ಕುರ್ಚಿ ಉಳಿಸಿಡುತ್ತಿದ್ದ ಸೆಕ್ಯುರಿಟಿ ಅಣ್ಣನಿಗೆ, ನಾನು ಯಾರೆಂದು ಗೊತ್ತಿಲ್ಲದೆಯೂ ಬ್ಯಾಗು ನಂಬಿ ಕೊಟ್ಟವರಿಗೆ, ಎಲ್ಲರಿಗೂ ವಂದನೆ.

ಮುಂದೇನು ಎಂದು ಗುಂಪಿನಲ್ಲಿ ಕೇಳುತ್ತಿದ್ದಾರೆ. ಹೊಸ ಹರಕೆ ಹೊತ್ತಿಲ್ಲ. ಹರಕೆ ಹೊರದಿದ್ದರೆ ದೋಷವಿಲ್ಲ ಎಂದು ಧರ್ಮೋಪದೇಶಕಾಂಡದಲ್ಲೇ ಇದೆ, ನನಗೆ ಈಗ ಪ್ರಿಯವಾದ ವಚನ. ಶನಿವಾರ ಆದಾಗ ಹೋಗುತ್ತೇನೆ, ಆಗದಿದ್ದಾಗ ಇಲ್ಲ. ಈ ವಾರ ನಾದಿನಿ ಹೋಗುತ್ತಾಳಂತೆ. ಜೊತೆಗೆ ಇನ್ನೊಬ್ಬರು ಬರುವುದಾದರೆ ಅವಳಿಗೇ ಹೇಳಿ.