ಮದ್ಯಪಾನ ನಿಷೇಧದ ಫಲಕಕ್ಕೆ ಗಡಿಯೂ ಬೇಕು, ಗಡುವೂ ಬೇಕು

ಮಾನ್ಯ ಸಂಪಾದಕರಿಗೆ,

ಸಾರ್ವಜನಿಕ ಸ್ಥಳಗಳಲ್ಲಿ ಮದ್ಯಪಾನವನ್ನು ನಿರ್ಬಂಧಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಎಷ್ಟರಮಟ್ಟಿಗೆ ಇರಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಕುಡಿಯುವುದು ಸರಿಯೋ ತಪ್ಪೋ ಎಂಬಲ್ಲಿಗೆ ಜಾರುತ್ತದೆ, ನಿಯಮದ ಒಕ್ಕಣೆ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ನಾನು ಬರೆಯುತ್ತಿರುವುದು ಆ ಒಕ್ಕಣೆಯ ಬಗ್ಗೆ. ನಿರ್ಬಂಧ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಕ್ಕಳ ಜಾರುಬಂಡೆಯ ಕೆಳಗಿನ ಮರಳಿನಲ್ಲಿ ಬಾಟಲಿ ಒಡೆದರೆ ಅದನ್ನು ಗುಡಿಸಿ ತೆಗೆಯಲು ಬರುವುದಿಲ್ಲ. ದೊಡ್ಡ ಚೂರುಗಳನ್ನು ಕೈಯಿಂದ ಆರಿಸಿದ ಮೇಲೂ ಉಗುರಿನಗಲದವು ಮರಳಿನೊಳಗೆ ಇಳಿದು ಕೂತಿರುತ್ತವೆ. ಅಂಥದೊಂದು ಚೂರನ್ನು ಮೊಮ್ಮಗಳ ಅಂಗಾಲಿನಿಂದ ತೆಗೆಸಿಕೊಂಡು ಬಂದವನು ನಾನು. ಆದರೂ ಆ ಸಿಟ್ಟಿನಲ್ಲೇ ನಿಯಮ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ತಡೆಯಬೇಕಾಗಿರುವುದು ಕುಡಿತವನ್ನೋ, ಕುಡಿದವರ ಉಪಟಳವನ್ನೋ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಲ್ಲಿ ಬಂದ ಕಾಯ್ದೆ ಎರಡನೆಯದರ ಕಡೆಗೆ ವಾಲಿದೆ. ಅದರಡಿ ಸ್ಥಳೀಯ ಕೌನ್ಸಿಲ್ ಒಂದು ಪ್ರದೇಶವನ್ನು ಗುರುತಿಸಿ ಅಲ್ಲಿ ಮದ್ಯಪಾನವನ್ನು ನಿರ್ಬಂಧಿಸಬಹುದು. ಆದರೆ ಅಲ್ಲಿನ ವರ್ತನೆ ಸುತ್ತಲಿನವರ ಬದುಕಿಗೆ ಮತ್ತೆ ಮತ್ತೆ ತೊಂದರೆ ಕೊಡುತ್ತಿದೆ, ಇಲ್ಲವೇ ಕೊಡುವ ಸಂಭವವಿದೆ ಎಂದು ಮೊದಲು ಮನವರಿಕೆಯಾಗಿರಬೇಕು, ಪೊಲೀಸರೊಂದಿಗೆ ಸಮಾಲೋಚನೆ ನಡೆದಿರಬೇಕು. ಆದೇಶದ ಅವಧಿ ಒಮ್ಮೆಗೆ ಹೆಚ್ಚೆಂದರೆ 3 ವರ್ಷ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಆ ಪ್ರದೇಶದಲ್ಲಿ ಬಿಯರ್ ಕ್ಯಾನ್ ಹಿಡಿದು ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಈ ಕಾಯ್ದೆಯಲ್ಲಿ ಅಪರಾಧವಾಗುವುದಿಲ್ಲ. ಪೊಲೀಸರು ಅಥವಾ ಕೌನ್ಸಿಲ್‌ನ ಅಧಿಕೃತ ಸಿಬ್ಬಂದಿ ಎದುರಿಗೆ ಬಂದು, ಕುಡಿಯುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಒಪ್ಪಿಸಿ ಎಂದು ಹೇಳಬೇಕು, ಸಕಾರಣವಿಲ್ಲದೆ ಮಾತು ಮೀರಿದರೆ ಅಪರಾಧವಾಗುತ್ತದೆ ಎಂದೂ ತಿಳಿಸಬೇಕು. ಆಮೇಲೂ ಕೇಳದವನಿಗಷ್ಟೇ ದಂಡ. ಅಧಿಕಾರಪತ್ರ ತೋರಿಸಿ ಎಂದು ಕೇಳಿದಾಗ ಕೌನ್ಸಿಲ್ ಸಿಬ್ಬಂದಿ ತೋರಿಸದಿದ್ದರೆ ಅವರ ಸೂಚನೆಯೇ ಅಸಿಂಧು. ದಂಡದ ರಸೀದಿ ಪುಸ್ತಕ ಹಿಡಿದವರೆಲ್ಲ ಅಧಿಕಾರಿಗಳೇ ಎಂದು ನಂಬಿ ಕೈ ಮುಗಿಯುವ ಜನರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಬೇಕೇ?

ನ್ಯೂಜಿಲೆಂಡಿನ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ 2012ರ ತಿದ್ದುಪಡಿಯ ನಂತರ ಕೌನ್ಸಿಲ್ ಇಂಥ ಉಪವಿಧಿಯನ್ನು ಹೊಸದಾಗಿ ಮಾಡಬೇಕಾದರೆ, ಆ ಜಾಗದಲ್ಲಿ ಅಪರಾಧ ಅಥವಾ ಗಲಭೆ ಹೆಚ್ಚಿದ್ದು, ಅದಕ್ಕೆ ಅಲ್ಲಿನ ಕುಡಿತ ಕಾರಣವಾಗಿದೆ ಅಥವಾ ಅದನ್ನು ಉಲ್ಬಣಗೊಳಿಸಿದೆ ಎಂಬುದಕ್ಕೆ ಪುರಾವೆ ಇರಬೇಕು. ನಾಲ್ಕು ಮಂದಿ ಮೂಗು ಮುರಿದರು ಎಂಬುದು ಪುರಾವೆಯಾಗುವುದಿಲ್ಲ. ಅಂಗಡಿಯಿಂದ ಕೊಂಡು, ಮುಚ್ಚಳ ತೆರೆಯದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಆ ಪ್ರದೇಶವನ್ನು ಹಾದು ಮನೆಗೆ ಹೋಗುವವನು ಕುಡುಕರ ಸಾಲಿಗೆ ಸೇರುವುದಿಲ್ಲವೆಂದೂ ಅಲ್ಲಿನ ಕಾನೂನು ಬಿಡಿಸಿ ಹೇಳುತ್ತದೆ. ‘ಮದ್ಯ ಹೊಂದಿರುವುದು ನಿಷಿದ್ಧ’ ಎಂದು ಒಂದೇ ಸಾಲಿನಲ್ಲಿ ಬರೆದು ಕೈತೊಳೆದುಕೊಂಡರೆ ಮೊದಲು ಸಿಕ್ಕಿಬೀಳುವವನು ಅವನೇ, ಏಕೆಂದರೆ ಅವನು ಓಡುವುದಿಲ್ಲ.

ನಿಯಮದ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅನುಮತಿ ಪಡೆದು ಪಾದಚಾರಿ ಮಾರ್ಗದ ಮೇಲೆ ಮೇಜು ಹಾಕಿಸಿದ ಹೋಟೆಲಿನಲ್ಲಿ ಗಾಜಿನ ಲೋಟ ಹಿಡಿದು ಕೂತವರಿಗೆ ಮೇಲೆ ಹೇಳಿದ ಇಂಗ್ಲೆಂಡಿನ ಆದೇಶ ಅನ್ವಯಿಸುವುದಿಲ್ಲ. ಅದೇ ಹಾದಿಯಲ್ಲಿ ಎರಡು ಮಾರು ಆಚೆ, ಗೋಡೆಗೊರಗಿ ಕೂತವನಿಗೆ ಅನ್ವಯಿಸುತ್ತದೆ. ಪರವಾನಗಿ ಪಡೆದವರು ಹೊಣೆ ಹೊತ್ತಿರುತ್ತಾರೆ ಎಂಬ ಸಮಜಾಯಿಷಿಯನ್ನು ನಾನು ಒಪ್ಪುತ್ತೇನೆ. ಆದರೆ ಮನೆಯಿದ್ದವನು ಬಾಗಿಲು ಹಾಕಿಕೊಂಡು ಕುಡಿಯುತ್ತಾನೆ, ಮನೆಯಿಲ್ಲದವನಿಗೆ ಹಾಕಿಕೊಳ್ಳಲು ಬಾಗಿಲೇ ಇಲ್ಲ. ಅವನಿಗೆ ದಂಡ ವಿಧಿಸಿದರೆ ವಸೂಲಾಗುವುದಿಲ್ಲ, ಅಟ್ಟಿದರೆ ಮುಂದಿನ ಉದ್ಯಾನಕ್ಕೆ ಹೋಗುತ್ತಾನೆ, ಅಲ್ಲಿನವರು ತಮ್ಮಲ್ಲಿಯೂ ಫಲಕ ಬೇಕೆಂದು ಅರ್ಜಿ ಕೊಡುತ್ತಾರೆ. ದಂಡಕ್ಕಿಂತ ಮೊದಲು ಮದ್ಯವನ್ನು ವಶಕ್ಕೆ ಪಡೆದು ಚೆಲ್ಲಿಬಿಡುವ ಅಧಿಕಾರ ಸಾಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸಮಯದ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. 2013ರ ಡಿಸೆಂಬರಿನಲ್ಲಿ ಲಿಟ್ಲ್ ಇಂಡಿಯಾ ಬಡಾವಣೆಯಲ್ಲಿ ನಡೆದ ಗಲಭೆಯ ನಂತರ ಸಿಂಗಪುರ 2015ರಲ್ಲಿ ತಂದ ಕಾನೂನು ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳಗಳಲ್ಲಿ ಕುಡಿಯುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವಷ್ಟು ಅಗಲದ ನಿಷೇಧ ನನಗೆ ಒಪ್ಪಿಗೆಯಿಲ್ಲ. ಆದರೆ ಯಾವಾಗ ಎಂಬ ಪ್ರಶ್ನೆಗೆ ಗಡಿಯಾರ ನೋಡಿ ಉತ್ತರ ಹೇಳಬಹುದಾದ ನಿಯಮ ಅದು, ಆ ಗುಣವನ್ನು ಎರವಲು ಪಡೆಯಬಹುದು.

ಇನ್ನು ಫಲಕ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕೌನ್ಸಿಲ್‌ಗಳು ರಸ್ತೆ, ಪಾದಚಾರಿ ಮಾರ್ಗ ಮತ್ತು ವಾಹನ ನಿಲುಗಡೆ ಜಾಗಗಳನ್ನು ಹೆಚ್ಚೆಂದರೆ 4 ವರ್ಷಗಳ ಅವಧಿಗೆ ಮದ್ಯಮುಕ್ತ ವಲಯವೆಂದು ಘೋಷಿಸಬಹುದು. ಆದರೆ ವಲಯದ ಅಂಚಿನಲ್ಲಿಯೂ ಒಳಗೆ ಅಲ್ಲಲ್ಲಿಯೂ ಎದ್ದು ಕಾಣುವಂತೆ ಫಲಕಗಳು ಇದ್ದರೆ ಮಾತ್ರ ಆ ಘೋಷಣೆ ಜಾರಿಯಲ್ಲಿರುತ್ತದೆ. ಫಲಕ ಬಿದ್ದುಹೋದರೆ ನಿಯಮವೂ ಬಿದ್ದಂತೆ. ನಾನು ದಿನವೂ ಕೂರುವ ಉದ್ಯಾನದ ಗೇಟಿನಲ್ಲಿ ‘ಮದ್ಯಪಾನ ನಿಷೇಧಿಸಲಾಗಿದೆ’ ಎಂಬ ಫಲಕವಿದೆ. ಯಾರು ನಿಷೇಧಿಸಿದರು, ಯಾವ ದಿನಾಂಕದಿಂದ, ಎಲ್ಲಿಯವರೆಗೆ, ಗೇಟಿನ ಹೊರಗಿನ ಕಟ್ಟೆ ಅದರೊಳಗೆ ಸೇರುತ್ತದೆಯೇ ಎಂಬುದು ಅದರಲ್ಲಿಲ್ಲ. ಸಂಜೆಯಾದರೆ ಕುಡಿಯುವವರು ಸರಿಯಾಗಿ ಆ ಕಟ್ಟೆಯ ಮೇಲೆಯೇ ಕೂರುತ್ತಾರೆ. ಕಾವಲುಗಾರ ಎಬ್ಬಿಸಲು ಹೋದರೆ, ಇದು ಉದ್ಯಾನವಲ್ಲವಲ್ಲ ಎನ್ನುತ್ತಾರೆ, ಅವನ ಬಳಿ ಉತ್ತರವಿರುವುದಿಲ್ಲ. ಆ ಉತ್ತರವನ್ನು ಬರೆದು ಅವನ ಕೈಗೆ ಕೊಡುವ ಕೆಲಸ ಠರಾವು ಮಾಡಿದವರದು.

ಇಂತಿ,
ಒಬ್ಬ ಓದುಗ